ಸರಪಳಿಯ ತುದಿಯಲ್ಲಿ ಏನಿದೆ ಅಂತ ಮೊದಲು ನೋಡಿ: ಪಾಲಿಮರ್ ದ್ರಾವಣ ಅಳೆಯುವವರಿಗೆ

ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನಮ್ಮ ಲ್ಯಾಬ್‌ನಲ್ಲಿ ಕರೆಂಟ್ ಹೋಯಿತು. ಬೆಂಗಳೂರಿನ ಬೇಸಿಗೆ, ಎಸಿ ನಿಂತಿದೆ. ಕಿಟಕಿ ಪಕ್ಕದ ಶೆಲ್ಫ್ ಮೇಲೆ ಎರಡು ಚಿಕ್ಕ ಗಾಜಿನ ಸೀಸೆಗಳಿದ್ದವು. ಎರಡರಲ್ಲೂ ಒಂದೇ ಪಾಲಿಮರ್ (ಸಣ್ಣ ಅಣುಗಳು ಕೊಂಡಿಗಳ ಹಾಗೆ ಸೇರಿ ಆದ ಸರಪಳಿ), ಒಂದೇ ಉದ್ದದ ಸರಪಳಿ, ನೀರಿನಲ್ಲಿ ನೂರಕ್ಕೆ ಒಂದು ಭಾಗ. ಅರ್ಧ ಗಂಟೆ ಬಿಟ್ಟು ನೋಡಿದರೆ ಒಂದು ಸೀಸೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಇನ್ನೊಂದು ತಿಳಿನೀರಿನ ಹಾಗೇ ಇತ್ತು. ಗೋಡೆಯ ಥರ್ಮಾಮೀಟರ್ 31 ಡಿಗ್ರಿ ತೋರಿಸುತ್ತಿತ್ತು. ಹೊಸದಾಗಿ ಸೇರಿದ ಹುಡುಗಿ ಬಂದು, "ಮೇಡಂ, ಇದು ಕೆಟ್ಟುಹೋಗಿದೆ ಅನ್ಸುತ್ತೆ, ಚೆಲ್ಲಿಬಿಡ್ಲಾ?" ಅಂತ ಕೇಳಿದಳು.

ಬೇಡ ಅಂದೆ. ಸೀಸೆಯನ್ನು ಐಸ್ ನೀರಿನಲ್ಲಿ ಇಡಿಸಿದೆ. ಎರಡೇ ನಿಮಿಷದಲ್ಲಿ ಅದು ಮತ್ತೆ ತಿಳಿಯಾಯಿತು. ಆ ಎರಡು ಸೀಸೆಗಳ ನಡುವೆ ಇದ್ದ ವ್ಯತ್ಯಾಸ ಸರಪಳಿಯ ಒಂದು ತುದಿ, ಅಷ್ಟೇ. ಆ ತುದಿಯನ್ನು ಹೇಗೆ ಗುರುತಿಸಬೇಕು, ಹೇಗೆ ಬದಲಿಸಬೇಕು, ಅದು ದ್ರಾವಣಕ್ಕೆ ಏನು ಮಾಡುತ್ತದೆ ಅಂತ ಹೇಗೆ ಅಳೆಯಬೇಕು ಎನ್ನುವುದನ್ನು ಅವಳಿಗೆ ಆ ವಾರವೆಲ್ಲ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪಾಲಿಮರ್ ಲ್ಯಾಬ್‌ಗೆ ಹೊಸದಾಗಿ ಕಾಲಿಡುವ ಎಂಎಸ್ಸಿ, ಪಿಎಚ್‌ಡಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದು.

ಇಷ್ಟು ಚಿಕ್ಕ ತುದಿಗೆ ಅಷ್ಟು ಬಲ ಎಲ್ಲಿಂದ?

ನಮ್ಮ ಪಾಲಿಮರ್ ಹೆಸರು ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್. ಲ್ಯಾಬ್‌ನಲ್ಲಿ ಎಲ್ಲರೂ ಪಿನಿಪ್ಯಾಮ್ ಅಂತಾರೆ. ತಣ್ಣೀರಿನಲ್ಲಿ ಕರಗುತ್ತದೆ, ಬಿಸಿ ಮಾಡಿದರೆ ಹೊರಗೆ ಬರುತ್ತದೆ. ಸಕ್ಕರೆ, ಉಪ್ಪಿನ ಅಭ್ಯಾಸಕ್ಕೆ ಪೂರ್ತಿ ಉಲ್ಟಾ. ಉದ್ದ ಸರಪಳಿಗಳಾದರೆ ಸುಮಾರು 32 ಡಿಗ್ರಿಯಲ್ಲಿ ನೀರು ಮೋಡ ಕಟ್ಟುತ್ತದೆ. ಹೆಸ್ಕಿನ್ಸ್ ಮತ್ತು ಗಿಲೆಟ್ 1968ರಲ್ಲೇ ಇದನ್ನು ವರದಿ ಮಾಡಿದ್ದರು. ಈ ಮೋಡ ಕಟ್ಟುವ ತಾಪಕ್ಕೆ ಕ್ಲೌಡ್ ಪಾಯಿಂಟ್ ಅನ್ನುತ್ತೇವೆ.

ಎಲ್ಲ ಪುಸ್ತಕದಲ್ಲೂ ಆ 32 ಇದೆ. ಹಾಗಾಗಿ ಎಲ್ಲರೂ 32 ಬರಬೇಕು ಅಂತ ಕಾಯುತ್ತಾರೆ. ಚಿಕ್ಕ ಸರಪಳಿಗಳಲ್ಲಿ ಅದು ಬರುವುದಿಲ್ಲ. ನಮ್ಮ ಸರಪಳಿಯಲ್ಲಿ 50 ಕೊಂಡಿಗಳಿದ್ದವು. ಒಂದೊಂದು ಕೊಂಡಿಯ ತೂಕ 113. ಎರಡೂ ತುದಿ ಸೇರಿದರೆ ಒಟ್ಟು ಸುಮಾರು 6,020. ಬೆಳ್ಳಗಾದ ಸೀಸೆಯಲ್ಲಿದ್ದ ಸರಪಳಿಯ ಒಂದು ತುದಿಯಲ್ಲಿ 12 ಕಾರ್ಬನ್‌ಗಳ ಬಾಲ ಇತ್ತು. ಡೋಡೆಸೈಲ್ ಅಂತ ಅದರ ಹೆಸರು. ಅದರ ತೂಕ 169. ಅಂದರೆ ಇಡೀ ಅಣುವಿನಲ್ಲಿ ಬಾಲದ ಪಾಲು ನೂರಕ್ಕೆ ಮೂರು ಕೂಡ ಇಲ್ಲ.

ನಾನು ತಿಪಟೂರಿನ ಕಡೆಯವಳು. ಕೊಬ್ಬರಿ ಎಣ್ಣೆ ನೋಡಿಕೊಂಡೇ ಬೆಳೆದವಳು. ಆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ. ಅದರಲ್ಲಿರುವುದೂ 12 ಕಾರ್ಬನ್ನೇ. ನಮ್ಮ ಸರಪಳಿಯ ಬಾಲಕ್ಕೂ ಅದೇ ಉದ್ದ, ಅದೇ ಗುಣ. ನೀರು ಕಂಡರೆ ಆಗುವುದಿಲ್ಲ. ಒಂದು ಬಾಲ ಒಂಟಿಯಾಗಿ ನೀರಿನಲ್ಲಿದ್ದರೆ ಅದರ ಸುತ್ತ ನೀರಿನ ಅಣುಗಳು ಬಿಗಿಯಾಗಿ ಜೋಡಿಸಿಕೊಂಡು ನಿಲ್ಲಬೇಕಾಗುತ್ತದೆ. ಅದು ನೀರಿಗೆ ನಷ್ಟದ ವ್ಯವಹಾರ. ಆದ್ದರಿಂದ ಬಾಲಗಳು ಒಂದನ್ನೊಂದು ಹುಡುಕಿಕೊಂಡು ಗುಂಪಾಗುತ್ತವೆ. ಸಾಬೂನಿನಲ್ಲಿ ಆಗುವುದೂ ಇದೇ, ಅಲ್ವಾ? ಹತ್ತಾರು ಸರಪಳಿಗಳು ಬಾಲಗಳನ್ನು ಒಳಗಿಟ್ಟು, ದೇಹವನ್ನು ನೀರಿನ ಕಡೆ ಚಾಚಿ ಒಂದು ಉಂಡೆಯಾಗುತ್ತವೆ. ಅದೇ ಮೈಸೆಲ್. ಈಗ ಸರಪಳಿಗಳು ಒತ್ತೊತ್ತಾಗಿ ನಿಂತಿವೆ. ಸ್ವಲ್ಪ ಬಿಸಿ ಸಿಕ್ಕರೂ ಒಂದಕ್ಕೊಂದು ಅಂಟಿಕೊಳ್ಳುವುದು ಸುಲಭ. ಅದಕ್ಕೇ ಬೇಗ ಮೋಡ ಕಟ್ಟುತ್ತದೆ.

ಸರಪಳಿ ಉದ್ದವಾದಷ್ಟೂ ತುದಿಯ ಮಾತು ನಡೆಯುವುದು ಕಡಿಮೆ. 500 ಕೊಂಡಿಗಳ ಸರಪಳಿಯಲ್ಲಿ ಇದೇ ಬಾಲದಿಂದ ಆಗುವ ಬದಲಾವಣೆಯನ್ನು ಹಿಡಿಯುವುದೇ ಕಷ್ಟವಾಗಬಹುದು. ಹಾಗಾಗಿ ತುದಿಯ ಆಟ ನೋಡಬೇಕು ಅಂದರೆ 30ರಿಂದ 100 ಕೊಂಡಿಗಳ ನಡುವೆ ಇರಿ.

ಮೊದಲ ಕೆಲಸ: ಎರಡೂ ತುದಿಯ ಚಿತ್ರ ಬರೆಯಿರಿ

ಲ್ಯಾಬ್ ನೋಟ್‌ಬುಕ್ ತೆಗೆದುಕೊಳ್ಳಿ. ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ತುದಿಯಲ್ಲಿ ಏನಿದೆ, ಬಲಗಡೆ ಏನಿದೆ ಬರೆಯಿರಿ. ಗೊತ್ತಿಲ್ಲದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ. ಆ ಚಿಹ್ನೆ ಹೋಗುವ ತನಕ ದ್ರಾವಣ ಅಳೆಯಬೇಡಿ.

ಮಾಮೂಲಿ ಫ್ರೀ ರ‍್ಯಾಡಿಕಲ್ ವಿಧಾನದಲ್ಲಿ ಮಾಡಿದ ಪಾಲಿಮರ್ ಆದರೆ ಉತ್ತರ ಒಂದೇ ಇರುವುದಿಲ್ಲ. ಕೆಲವು ಸರಪಳಿಗಳು ಎರಡೆರಡು ಸೇರಿ ಮುಗಿಯುತ್ತವೆ. ಕೆಲವು ಹೈಡ್ರೋಜನ್ ಕೊಟ್ಟು ತೆಗೆದುಕೊಂಡು ಮುಗಿಯುತ್ತವೆ. ಕೆಲವು ದ್ರಾವಕದಿಂದ ಹೈಡ್ರೋಜನ್ ಕಿತ್ತುಕೊಂಡು ನಿಲ್ಲುತ್ತವೆ. ಒಂದೇ ಸೀಸೆಯಲ್ಲಿ ನಾಲ್ಕೈದು ಥರದ ತುದಿಗಳು. ಅಂಥ ಮಾಲಿನ ಮೇಲೆ ತುದಿಯ ಪರಿಣಾಮ ಅಳೆಯಲು ಹೋಗಬೇಡಿ, ಸುಮ್ನೆ ತಲೆನೋವು.

ನಾವು ಬಳಸುವುದು ರಾಫ್ಟ್ ವಿಧಾನ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯಲ್ಲಿ ರಿಝಾರ್ಡೊ, ಮೋಡ್, ಥಾಂಗ್ ಮತ್ತು ಅವರ ಜೊತೆಗಾರರು ಕಂಡುಕೊಂಡು 1998ರಲ್ಲಿ ಪ್ರಕಟಿಸಿದ್ದು. ಇದರಲ್ಲಿ ಒಂದು ಗಂಧಕದ ಸಂಯುಕ್ತವನ್ನು ಮೊದಲೇ ಹಾಕುತ್ತೇವೆ. ಅದು ಎರಡು ತುಂಡಾಗಿ, ಒಂದು ತುಂಡು ಸರಪಳಿಯ ತಲೆಗೂ ಇನ್ನೊಂದು ಬಾಲಕ್ಕೂ ಹೋಗಿ ಕೂರುತ್ತದೆ. ಹೆಚ್ಚಿನ ಎಲ್ಲ ಸರಪಳಿಗಳಿಗೂ ಅದೇ ತಲೆ, ಅದೇ ಬಾಲ. ತುದಿಯ ಅಧ್ಯಯನಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ನಮ್ಮ ಸಂಯುಕ್ತದ ಅಡ್ಡಹೆಸರು ಡಿಡಿಮ್ಯಾಟ್. ಹಳದಿ ಪುಡಿ, ಅಣುತೂಕ 364.6. ಇದನ್ನು ಹಾಕಿದರೆ ಸರಪಳಿಯ ತಲೆಯಲ್ಲಿ ಕಾರ್ಬಾಕ್ಸಿಲಿಕ್ ಆಮ್ಲ ಬರುತ್ತದೆ. ಬಾಲದಲ್ಲಿ ಟ್ರೈಥಯೋಕಾರ್ಬೊನೇಟ್, ಅದಕ್ಕೆ ಅಂಟಿಕೊಂಡ 12 ಕಾರ್ಬನ್. ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಕಷ್ಟ. ಈ ಎರಡು ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದೇ ಬ್ಯಾಚ್, ಎರಡು ಪಾಲು

ಜನ ಹೆಚ್ಚಾಗಿ ತಪ್ಪು ಮಾಡುವುದು ಇಲ್ಲೇ. ಒಂದು ತುದಿಗೆ ಒಂದು ಬ್ಯಾಚ್, ಇನ್ನೊಂದು ತುದಿಗೆ ಇನ್ನೊಂದು ಬ್ಯಾಚ್ ಮಾಡುತ್ತಾರೆ. ಮೊದಲನೆಯದು 44 ಕೊಂಡಿ, ಎರಡನೆಯದು 58 ಕೊಂಡಿ ಬರುತ್ತದೆ. ಆಮೇಲೆ ಕ್ಲೌಡ್ ಪಾಯಿಂಟ್‌ನ ವ್ಯತ್ಯಾಸ ಉದ್ದದಿಂದ ಬಂತೋ ತುದಿಯಿಂದ ಬಂತೋ ಹೇಳುವ ಹಾಗಿಲ್ಲ. ಒಂದೇ ತಾಯಿ ಬ್ಯಾಚ್ ಮಾಡಿ. ಅದನ್ನೇ ಪಾಲು ಮಾಡಿ. ಒಂದು ಪಾಲಿನ ತುದಿಯನ್ನು ಮಾತ್ರ ಬದಲಿಸಿ.

ನಮ್ಮ ಅಳತೆ ಹೀಗಿದೆ. ಮೊನೊಮರ್ (ಸರಪಳಿಯ ಕೊಂಡಿಯಾಗುವ ಬಿಡಿ ಅಣು) 2.72 ಗ್ರಾಂ, ಹೆಕ್ಸೇನ್‌ನಲ್ಲಿ ಒಮ್ಮೆ ಹರಳುಗಟ್ಟಿಸಿ ಶುದ್ಧ ಮಾಡಿದ್ದು. ಡಿಡಿಮ್ಯಾಟ್ 146 ಮಿಲಿಗ್ರಾಂ. ಎಐಬಿಎನ್ (ಬಿಸಿಯಲ್ಲಿ ಒಡೆದು ಕ್ರಿಯೆ ಶುರು ಮಾಡುವ ಪುಡಿ) 6.6 ಮಿಲಿಗ್ರಾಂ. ದ್ರಾವಕವಾಗಿ ಡಯಾಕ್ಸೇನ್ 12 ಮಿಲಿಲೀಟರ್. ಅಂದರೆ ಮೋಲ್ ಲೆಕ್ಕದಲ್ಲಿ 60ಕ್ಕೆ 1ಕ್ಕೆ 0.1. ಅರ್ಧ ಗಂಟೆ ನೈಟ್ರೋಜನ್ ಗುಳ್ಳೆ ಬಿಡಿ. 70 ಡಿಗ್ರಿ ಎಣ್ಣೆ ಬಾತ್‌ನಲ್ಲಿ ಇಡಿ. ಆಗಾಗ ಸಿರಿಂಜ್‌ನಲ್ಲಿ ಎರಡು ಹನಿ ತೆಗೆದು, ಅಣುವಿನ ಹೈಡ್ರೋಜನ್‌ಗಳನ್ನು ಬೇರೆಬೇರೆಯಾಗಿ ತೋರಿಸುವ ಎನ್‌ಎಂಆರ್‌ನಲ್ಲಿ ನೋಡಿ. ನೂರಕ್ಕೆ 80ರಿಂದ 85 ಮೊನೊಮರ್ ಮುಗಿದಾಗ ನಿಲ್ಲಿಸಿ. ಆಗ ಸುಮಾರು 50 ಕೊಂಡಿ ಬಂದಿರುತ್ತದೆ. ಪೂರ್ತಿ ಮುಗಿಯಲಿ ಅಂತ ರಾತ್ರಿಯೆಲ್ಲ ಬಿಡಬೇಡಿ. ಮೊನೊಮರ್ ಕಡಿಮೆಯಾದಮೇಲೂ ಎಐಬಿಎನ್ ಒಡೆಯುತ್ತಲೇ ಇರುತ್ತದೆ, ಬಾಲ ಕಳೆದುಕೊಂಡ ಸರಪಳಿಗಳು ಜಾಸ್ತಿಯಾಗುತ್ತವೆ. ಎಐಬಿಎನ್ ಕಡಿಮೆ ಹಾಕುವುದಕ್ಕೂ ಇದೇ ಕಾರಣ.

ತಣ್ಣಗಿನ ಡೈಈಥೈಲ್ ಈಥರ್‌ಗೆ ಹನಿಹನಿಯಾಗಿ ಬಿಡಿ. ತಿಳಿ ಹಳದಿ ಪುಡಿ ಕೆಳಗೆ ಕೂರುತ್ತದೆ. ಈಥರ್ ಕೆಲಸವನ್ನು ಬೆಳಗ್ಗೆ ಬೇಗ, ಫ್ಯೂಮ್ ಹುಡ್ ಒಳಗೇ ಮಾಡಿ. ಅದು 35 ಡಿಗ್ರಿಗೇ ಕುದಿಯುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಅದಕ್ಕೆ ಒಳ್ಳೆಯ ಹೊತ್ತಲ್ಲ. ಹತ್ತಿರ ಹೀಟರ್ ಇರಬಾರದು.

ಬಾಲ ತೆಗೆಯುವುದು, ಮತ್ತು ನಾನು ಬಿದ್ದ ಗುಂಡಿ

600 ಮಿಲಿಗ್ರಾಂ ಹಳದಿ ಪುಡಿ ತೆಗೆದುಕೊಳ್ಳಿ. ಅದರಲ್ಲಿ 0.1 ಮಿಲಿಮೋಲ್ ತುದಿ ಇದೆ. ಟಿಎಚ್‌ಎಫ್ ಅನ್ನುವ ದ್ರಾವಕದಲ್ಲಿ ಕರಗಿಸಿ. ಹಳೆಯ ಬಾಟಲಿಯ ಟಿಎಚ್‌ಎಫ್ ಬೇಡ, ಅದರಲ್ಲಿ ಪೆರಾಕ್ಸೈಡ್ ಇದ್ದರೆ ಎಲ್ಲ ಕೆಡುತ್ತದೆ. ನೈಟ್ರೋಜನ್ ಗುಳ್ಳೆ 20 ನಿಮಿಷ. ಹೈಡ್ರಾಕ್ಸಿಈಥೈಲ್ ಅಕ್ರಿಲೇಟ್ ತುದಿಗಳ 30 ಪಟ್ಟು, ಅಂದರೆ ಸುಮಾರು 345 ಮೈಕ್ರೋಲೀಟರ್. ಡೈಮೀಥೈಲ್ ಫೀನೈಲ್ ಫಾಸ್ಫೀನ್ ಒಂದು ಸಣ್ಣ ಹನಿ. ಕೊನೆಗೆ ಹೆಕ್ಸೈಲ್ ಅಮೀನ್ 10 ಪಟ್ಟು, 132 ಮೈಕ್ರೋಲೀಟರ್. ರಾತ್ರಿ ತಿರುಗಲಿ. ಬೆಳಗ್ಗೆ ಹೊತ್ತಿಗೆ ಹಳದಿ ಹೋಗಿರುತ್ತದೆ.

ಒಳಗೆ ಆಗುವುದು ಇಷ್ಟು. ಅಮೀನ್ ಬಂದು ಟ್ರೈಥಯೋಕಾರ್ಬೊನೇಟನ್ನು ಕತ್ತರಿಸುತ್ತದೆ. ಸರಪಳಿಯ ತುದಿಯಲ್ಲಿ ಥಯಾಲ್, ಅಂದರೆ ಗಂಧಕ-ಹೈಡ್ರೋಜನ್ ಗುಂಪು, ಉಳಿಯುತ್ತದೆ. ಅದು ಅಲ್ಲೇ ಕಾಯುತ್ತಿರುವ ಅಕ್ರಿಲೇಟನ್ನು ಹಿಡಿದುಕೊಳ್ಳುತ್ತದೆ. 12 ಕಾರ್ಬನ್ ಬಾಲ ಇದ್ದ ಜಾಗದಲ್ಲಿ ಈಗ ನೀರನ್ನು ಇಷ್ಟಪಡುವ ಹೈಡ್ರಾಕ್ಸಿಲ್ ಗುಂಪು ಕೂತಿದೆ.

ಅಕ್ರಿಲೇಟನ್ನು ಮೊದಲೇ ಯಾಕೆ ಹಾಕಬೇಕು? ಥಯಾಲನ್ನು ಬರಿದೆ ಬಿಟ್ಟರೆ ಗಾಳಿಯ ಆಮ್ಲಜನಕ ಎರಡೆರಡು ಥಯಾಲ್‌ಗಳನ್ನು ಜೋಡಿಸಿ ಡೈಸಲ್ಫೈಡ್ ಮಾಡಿಬಿಡುತ್ತದೆ. 50 ಕೊಂಡಿಯ ಸರಪಳಿ 100 ಕೊಂಡಿ ಆಗಿಬಿಡುತ್ತದೆ. ಶುರುವಿನಲ್ಲಿ ನಾನು ಥಯಾಲ್ ತುದಿಯ ಪಾಲಿಮರನ್ನು ನೀರಿನಲ್ಲಿ ಕರಗಿಸಿ ಒಂದು ವಾರ ಫ್ರಿಜ್‌ನಲ್ಲಿ ಇಟ್ಟಿದ್ದೆ. ಸರಪಳಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜಿಪಿಸಿಗೆ ಹಾಕಿದರೆ ಗ್ರಾಫ್‌ನಲ್ಲಿ ಎರಡು ಗುಡ್ಡ ಕಾಣಿಸಿತು, ಎರಡನೆಯದು ಸರಿಯಾಗಿ ಎರಡರಷ್ಟು ತೂಕದ ಜಾಗದಲ್ಲಿ. ಆವತ್ತಿನಿಂದ ಥಯಾಲನ್ನು ಹುಟ್ಟಿದ ಕ್ಷಣವೇ ಮುಚ್ಚುತ್ತೇನೆ.

ಆದರೆ ನನ್ನ ದೊಡ್ಡ ತಪ್ಪು ಇದಲ್ಲ. ಬಾಲ ತೆಗೆದ ಮೊದಲ ಪಾಲಿಮರ್ ಅಚ್ಚ ಬಿಳಿ ಬಂದಿತ್ತು. ಸಂತೋಷದಿಂದ ಕ್ಲೌಡ್ ಪಾಯಿಂಟ್ ಅಳೆದೆ. ಹಳದಿ ಪುಡಿಗೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಮೂರು ಸಲ ಅಳೆದೆ, ಅದೇ. "ತುದಿಯಿಂದ ಪರಿಣಾಮ ಇಲ್ಲ" ಅಂತ ನೋಟ್‌ಬುಕ್‌ನಲ್ಲಿ ಬರೆದು ಗೆರೆ ಎಳೆದೆ. ನಮ್ಮ ಗೈಡ್ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಈಥರ್‌ನಲ್ಲಿ ಎಷ್ಟು ಸಲ ತೊಳೆದಿರಿ?"

ಒಂದು ಸಲ ತೊಳೆದಿದ್ದೆ. ಉಳಿದಿದ್ದನ್ನು ಡಯಾಲಿಸಿಸ್ ಚೀಲಕ್ಕೆ (ನೀರಿನಲ್ಲಿ ಕರಗಿದ ಚಿಕ್ಕ ಅಣುಗಳನ್ನು ಮಾತ್ರ ಹೊರಗೆ ಬಿಡುವ ಚೀಲ) ಬಿಟ್ಟಿದ್ದೆ. ಸರಪಳಿಯಿಂದ ಕತ್ತರಿಸಿಕೊಂಡ ಡೋಡೆಸೈಲ್ ತುಂಡು ಎಲ್ಲಿ ಹೋಗಬೇಕು? ಅದು ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಚೀಲದಿಂದ ಹೊರಗೂ ಹೋಗುವುದಿಲ್ಲ. ಪಾಲಿಮರ್ ಜೊತೆಗೇ ಉಳಿದು ಅದನ್ನು ಮೊದಲಿನಂತೆಯೇ ಎಳೆದಾಡುತ್ತಿತ್ತು. ಹಳದಿ ಬಣ್ಣ ಇಲ್ಲದ ಕಾರಣ ನನ್ನ ಕಣ್ಣಿಗೆ ಬೀಳಲಿಲ್ಲ. ಆ ಪುಡಿಯನ್ನು ಮತ್ತೆ ಕರಗಿಸಿ, ಈಥರ್‌ನಲ್ಲಿ ಮೂರು ಸಲ ಇಳಿಸಿ, ಆಮೇಲೆ 1,000 ಡಾಲ್ಟನ್ ಚೀಲದಲ್ಲಿ ತಣ್ಣೀರಿಗೆ ಎರಡು ದಿನ ಬಿಟ್ಟು ಫ್ರೀಜ್ ಡ್ರೈ ಮಾಡಿದೆ. ಕ್ಲೌಡ್ ಪಾಯಿಂಟ್ ಹಲವು ಡಿಗ್ರಿ ಮೇಲೆ ಹೋಯಿತು. ಮೊದಲು ಈಥರ್, ಆಮೇಲೆ ನೀರು. ಈ ಕ್ರಮ ತಪ್ಪಿಸಬೇಡಿ.

ಪಾತ್ರೆಗಳ ವಾಸನೆ ಬಗ್ಗೆಯೂ ಹೇಳಬೇಕು. ಥಯಾಲ್ ಮುಟ್ಟಿದ ಗಾಜನ್ನು ಬ್ಲೀಚ್‌ನಲ್ಲಿ ನೆನೆಸಿದರೆ ವಾಸನೆ ಹೋಗುತ್ತದೆ. ಅದಕ್ಕೆ ಮೊದಲು ಗಾಜಿನಲ್ಲಿ ಅಸಿಟೋನ್, ಅಮೀನ್, ಆಮ್ಲ ಯಾವುದೂ ಉಳಿಯದ ಹಾಗೆ ಚೆನ್ನಾಗಿ ತೊಳೆಯಲೇಬೇಕು. ಬ್ಲೀಚ್ ಜೊತೆ ಅವು ಸೇರಿದರೆ ಅಪಾಯ.

ತುದಿ ನಿಜವಾಗಿ ಬದಲಾಯಿತಾ?

ಕಣ್ಣಿಗೆ ಬಿಳಿ ಕಂಡರೆ ಸಾಲದು ಅಂತ ಈಗ ಗೊತ್ತಾಯಿತಲ್ಲ. ಮೂರು ಕಡೆಯಿಂದ ನೋಡಿ.

ಯುವಿ ಯಂತ್ರದಲ್ಲಿ 310 ನ್ಯಾನೋಮೀಟರ್ ಹತ್ತಿರ ಟ್ರೈಥಯೋಕಾರ್ಬೊನೇಟ್ ಜೋರಾಗಿ ಬೆಳಕು ನುಂಗುತ್ತದೆ. ಡಿಡಿಮ್ಯಾಟ್ ಅನ್ನೇ ನಾಲ್ಕೈದು ಸಾಂದ್ರತೆಯಲ್ಲಿ ಅಳೆದು ಒಂದು ಗೆರೆ ಎಳೆಯಿರಿ. ಅದರ ಮೇಲೆ ನಿಮ್ಮ ಹಳದಿ ಪಾಲಿಮರನ್ನು ಇಟ್ಟು ನೋಡಿದರೆ ನೂರಕ್ಕೆ ಎಷ್ಟು ಸರಪಳಿಗೆ ಬಾಲ ಇದೆ ಅಂತ ತಿಳಿಯುತ್ತದೆ. ಬಿಳಿ ಪಾಲಿಮರ್‌ನಲ್ಲಿ ಆ ಗುಡ್ಡ ಇರಬಾರದು.

ಎನ್‌ಎಂಆರ್‌ನಲ್ಲಿ ಬಾಲದ ಕೊನೆಯ ಮೀಥೈಲ್ 0.88 ಪಿಪಿಎಂ ಹತ್ತಿರ ಬರುತ್ತದೆ. ಐಸೊಪ್ರೊಪೈಲ್‌ನ ಒಂಟಿ ಹೈಡ್ರೋಜನ್ 4.0 ಹತ್ತಿರ. ಇವೆರಡನ್ನು ಹೋಲಿಸಿದರೆ ಕೊಂಡಿಗಳ ಲೆಕ್ಕವೂ ಸಿಗುತ್ತದೆ. ಆದರೆ 1.1 ಹತ್ತಿರದ ದೊಡ್ಡ ಗುಡ್ಡದ ಬುಡದಲ್ಲಿ 0.88 ಕೂತಿರುವುದರಿಂದ ಬೇಸ್‌ಲೈನ್ ಜೋಪಾನವಾಗಿ ಹಾಕಿ. ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಪ್ರಯೋಗ ಇದೆ. ಅದೇ ಹಳದಿ ಪಾಲಿಮರನ್ನು ಮೊದಲು ಡ್ಯುಟೀರಿಯಂ ಕ್ಲೋರೋಫಾರ್ಮ್‌ನಲ್ಲಿ ನೋಡಿ, ಆಮೇಲೆ ಭಾರಜಲದಲ್ಲಿ ನೋಡಿ. ಕ್ಲೋರೋಫಾರ್ಮ್‌ನಲ್ಲಿ ಸ್ಪಷ್ಟವಾಗಿದ್ದ ಬಾಲದ ಗೆರೆಗಳು ನೀರಿನಲ್ಲಿ ಅಗಲವಾಗಿ ಮಂಕಾಗುತ್ತವೆ. ಬಾಲ ಎಲ್ಲೂ ಹೋಗಿಲ್ಲ. ಮೈಸೆಲ್‌ನ ಹೊಟ್ಟೆಯೊಳಗೆ ಸೇರಿ ಓಡಾಟ ಕಡಿಮೆಯಾಗಿದೆ. ಬಾಲಗಳು ಗುಂಪು ಕಟ್ಟುತ್ತವೆ ಅಂತ ಪುಸ್ತಕದಲ್ಲಿ ಓದುವುದು ಬೇರೆ, ಒಂದೇ ಪುಡಿಯ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಬೇರೆ.

ಮೂರನೆಯದು ಜಿಪಿಸಿ. ಡಿಎಂಎಫ್ ದ್ರಾವಕದಲ್ಲಿ ಸ್ವಲ್ಪ ಲಿಥಿಯಂ ಬ್ರೋಮೈಡ್ ಹಾಕಿ ಓಡಿಸಿ, ಇಲ್ಲದಿದ್ದರೆ ಸರಪಳಿಗಳು ಒಂದಕ್ಕೊಂದು ಅಥವಾ ಕಾಲಂಗೆ ಅಂಟಿಕೊಂಡು ಸುಳ್ಳು ತೂಕ ತೋರಿಸಬಹುದು. ಬಾಲ ಬದಲಿಸುವ ಮೊದಲು ಮತ್ತು ನಂತರ ಗುಡ್ಡ ಒಂದೇ ಜಾಗದಲ್ಲಿರಬೇಕು.

ಕ್ಲೌಡ್ ಪಾಯಿಂಟ್ ಅಳೆಯುವಾಗ

ಪುಡಿ ತೇವ ಹೀರುತ್ತದೆ. ಆದ್ದರಿಂದ ವ್ಯಾಕ್ಯೂಮ್‌ನಲ್ಲಿ ಒಣಗಿಸಿ ತಕ್ಷಣ ತೂಗಿ. ಒಂದು ಮಿಲಿಲೀಟರ್‌ಗೆ 10 ಮಿಲಿಗ್ರಾಂ. ಬಿಸಿನೀರಿಗೆ ಹಾಕಿ ಕಲಕಿದರೆ ಅಂಟುಂಡೆಯಾಗುತ್ತದೆ. ತಣ್ಣಗಿನ ಡಿಸ್ಟಿಲ್ಡ್ ವಾಟರ್ ಹಾಕಿ ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಬಿಡಿ, ತಾನಾಗಿ ಕರಗುತ್ತದೆ. ನೀರನ್ನು ಮೊದಲೇ ಕುದಿಸಿ ಆರಿಸಿ ಅಥವಾ ಗಾಳಿ ತೆಗೆದು ಇಟ್ಟಿರಿ. ಇಲ್ಲದಿದ್ದರೆ ಬಿಸಿಯಾಗುವಾಗ ಕ್ಯುವೆಟ್ (ಯಂತ್ರದೊಳಗೆ ಇಡುವ ಸಣ್ಣ ಪಾತ್ರೆ) ಗೋಡೆಗೆ ಸಣ್ಣ ಗುಳ್ಳೆಗಳು ಕೂತು ಮೋಡ ಕಟ್ಟಿದ ಹಾಗೆ ತೋರಿಸುತ್ತವೆ.

ಯುವಿ ಯಂತ್ರದಲ್ಲಿ 600 ನ್ಯಾನೋಮೀಟರ್‌ನಲ್ಲಿ ಎಷ್ಟು ಬೆಳಕು ದಾಟುತ್ತದೆ ಅಂತ ನೋಡಿ. 310 ಬೇಡ, ಹಳದಿಯ ಬಣ್ಣ ಲೆಕ್ಕದೊಳಗೆ ಬೆರೆತುಬಿಡುತ್ತದೆ. 15 ಡಿಗ್ರಿಯಿಂದ ಶುರು ಮಾಡಿ ನಿಮಿಷಕ್ಕೆ ಅರ್ಧ ಡಿಗ್ರಿ ಏರಿಸಿ. ಮ್ಯಾಗ್ನೆಟ್ ತಿರುಗುತ್ತಿರಲಿ. ಯಂತ್ರದ ಪರದೆ ತೋರಿಸುವ ತಾಪವನ್ನು ನಂಬಬೇಡಿ, ಅದು ಬ್ಲಾಕ್‌ನದು. ಕ್ಯುವೆಟ್ ಒಳಗಿನ ನೀರು ಒಂದೆರಡು ಡಿಗ್ರಿ ಹಿಂದೆ ಇರಬಹುದು. ಸಣ್ಣ ಥರ್ಮೋಕಪಲ್ ಅನ್ನು ದ್ರಾವಣದೊಳಗೇ ಇಳಿಸಿ. ಹುಡುಕುತ್ತಿರುವ ವ್ಯತ್ಯಾಸವೇ ಕೆಲವು ಡಿಗ್ರಿ ಇರುವಾಗ ಒಂದೆರಡು ಡಿಗ್ರಿಯ ತಪ್ಪು ಚಿಕ್ಕದಲ್ಲ.

ಮಳೆಗಾಲದ ಮಾತು ಬೇರೆ. ಜುಲೈನಲ್ಲಿ ಗಾಳಿಯ ತೇವ 15 ಡಿಗ್ರಿಯ ಕ್ಯುವೆಟ್ ಮೇಲೆ ಹೊರಗಿನಿಂದ ಮಂಜು ಕೂರಿಸುತ್ತದೆ. ಗ್ರಾಫ್ ನೋಡಿದರೆ ದ್ರಾವಣ ತಣ್ಣಗಿದ್ದಾಗ ಮಬ್ಬು, ಬಿಸಿಯಾದಾಗ ತಿಳಿ, ಆಮೇಲೆ ಮತ್ತೆ ಮಬ್ಬು ಅನ್ನುವ ವಿಚಿತ್ರ ಕಥೆ. ಕ್ಯುವೆಟ್ ಸುತ್ತ ಒಣ ನೈಟ್ರೋಜನ್ ಸಣ್ಣಗೆ ಬಿಟ್ಟರೆ ಈ ಕಾಟ ಇಲ್ಲ.

ಬೆಳಕು ಅರ್ಧಕ್ಕೆ ಇಳಿದ ತಾಪವನ್ನು ಕ್ಲೌಡ್ ಪಾಯಿಂಟ್ ಅಂತ ನಾವು ಬರೆಯುತ್ತೇವೆ. ಕೆಲವರು ಇಳಿಯಲು ಶುರುವಾದ ತಾಪ ಬರೆಯುತ್ತಾರೆ. ಯಾವುದಾದರೂ ಸರಿ, ಯಾವುದು ಅಂತ ಬರೆದಿಡಿ. ತಣ್ಣಗಾಗುವ ಗ್ರಾಫ್ ಕೂಡ ತೆಗೆಯಿರಿ. ಅದು ಸಾಮಾನ್ಯವಾಗಿ ಸ್ವಲ್ಪ ಕೆಳಗಿನ ತಾಪದಲ್ಲಿ ಬರುತ್ತದೆ, ಯಾಕೆಂದರೆ ಮುದುಡಿಕೊಂಡಾಗ ಸರಪಳಿಗಳು ತಮ್ಮತಮ್ಮೊಳಗೆ ಕಟ್ಟಿಕೊಂಡ ಹೈಡ್ರೋಜನ್ ಬಂಧಗಳು ಬಿಚ್ಚಲು ಹೊತ್ತು ಬೇಕು. ಒಂದೊಂದನ್ನೂ ಮೂರು ಸಲ ಮಾಡಿ.

ಇದು ತುದಿಯದೇ ಕೆಲಸ ಅಂತ ಸಾಬೀತು ಮಾಡುವ ಪರೀಕ್ಷೆಗಳು

ಹೊಸದಾಗಿ ಏನೂ ತಯಾರಿಸದೆ, ಮಧ್ಯಾಹ್ನದೊಳಗೆ ಮಾಡಬಹುದಾದ ಪರೀಕ್ಷೆಗಳಿವೆ. ನನಗೆ ಇವು ಬಹಳ ಮುಖ್ಯ ಅನ್ನಿಸುತ್ತವೆ. ಎರಡು ಸೀಸೆಗಳು ಬೇರೆಬೇರೆ ತಾಪದಲ್ಲಿ ಮೋಡ ಕಟ್ಟಿದವು ಅಂದಮಾತ್ರಕ್ಕೆ ತುದಿಯೇ ಕಾರಣ ಅನ್ನುವಂತಿಲ್ಲ. ಉಳಿದ ದ್ರಾವಕ, ಉಪ್ಪು, ಕಸ ಯಾವುದೂ ಆಗಿರಬಹುದು.

ಮೊದಲನೆಯದು ಪಿಎಚ್. ಸರಪಳಿಯ ತಲೆಯಲ್ಲಿ ಆಮ್ಲ ಇದೆ ಅಂದೆನಲ್ಲ. ಬರೀ ನೀರಿನಲ್ಲಿ ನಮ್ಮ ನೂರಕ್ಕೆ ಒಂದು ಭಾಗದ ದ್ರಾವಣದ ಪಿಎಚ್ ನಾಲ್ಕರ ಆಸುಪಾಸು ಬರುತ್ತದೆ. ಅಲ್ಲಿ ಹತ್ತರಲ್ಲಿ ಸುಮಾರು ಒಂದು ತಲೆಗೆ ಮಾತ್ರ ವಿದ್ಯುತ್ ಇರುತ್ತದೆ. ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 7ಕ್ಕೆ ತನ್ನಿ. ಈಗ ಹೆಚ್ಚುಕಡಿಮೆ ಎಲ್ಲ ತಲೆಗಳೂ ಋಣ ವಿದ್ಯುತ್ ಹೊತ್ತಿವೆ. ಬಾಲಗಳು ಮೈಸೆಲ್‌ನ ಒಳಗೆ, ತಲೆಗಳು ಹೊರಮೈ ಮೇಲೆ. ಮೈಸೆಲ್‌ಗಳು ಒಂದನ್ನೊಂದು ತಳ್ಳುತ್ತವೆ. ಕ್ಲೌಡ್ ಪಾಯಿಂಟ್ ಮೇಲೇರುತ್ತದೆ. ಕೆಲವೊಮ್ಮೆ ಮಜ್ಜಿಗೆಯಷ್ಟು ಬೆಳ್ಳಗಾಗದೆ, ತುಸು ನೀಲಿ ಛಾಯೆಯ ಮಬ್ಬಿನಲ್ಲೇ ನಿಂತುಬಿಡುತ್ತದೆ, ಕಣಗಳು ದೊಡ್ಡದಾಗಿ ಬೆಳೆಯಲು ಆಗುವುದಿಲ್ಲ. ಮತ್ತೆ ಆಮ್ಲ ಹಾಕಿ 3ಕ್ಕೆ ಇಳಿಸಿದರೆ ಕ್ಲೌಡ್ ಪಾಯಿಂಟ್ ಕೂಡ ಇಳಿಯುತ್ತದೆ. ಎಲ್ಲದರಲ್ಲೂ ಉಪ್ಪಿನ ಪ್ರಮಾಣ ಒಂದೇ ಇರಲಿ. ಪಿಬಿಎಸ್ ಬಫರ್ (ಪಿಎಚ್ ಹಿಡಿದಿಡುವ ಉಪ್ಪುನೀರು) ಹಾಕಿ ಅಳೆದು ಬರೀ ನೀರಿನ ಜೊತೆ ಹೋಲಿಸಬೇಡಿ. ಅದರ ಉಪ್ಪೇ ಕ್ಲೌಡ್ ಪಾಯಿಂಟನ್ನು ಒಂದೆರಡು ಡಿಗ್ರಿ ಇಳಿಸುತ್ತದೆ, ತುದಿಗೂ ಅದಕ್ಕೂ ಸಂಬಂಧ ಇಲ್ಲ. ಬೋರ್‌ವೆಲ್ ನೀರಂತೂ ಹತ್ತಿರವೂ ತರಬೇಡಿ, ಅದರ ಕ್ಯಾಲ್ಸಿಯಂ ಈ ಆಮ್ಲದ ತಲೆಗಳನ್ನು ಹಿಡಿದುಕೊಳ್ಳಬಹುದು.

ಎರಡನೆಯದು ಸೈಕ್ಲೋಡೆಕ್ಸ್ಟ್ರಿನ್. ಇದು ಸಕ್ಕರೆ ಅಣುಗಳು ಉಂಗುರವಾಗಿ ಸೇರಿ ಆದ ಬುಟ್ಟಿ. ಹೊರಗೆ ನೀರಿಗೆ ಒಗ್ಗುತ್ತದೆ, ಒಳಗೆ ಎಣ್ಣೆಗೆ ಒಗ್ಗುತ್ತದೆ. ನೇರವಾದ ಕಾರ್ಬನ್ ಬಾಲ ಆಲ್ಫಾ ಸೈಕ್ಲೋಡೆಕ್ಸ್ಟ್ರಿನ್‌ನ ಉಂಗುರದೊಳಗೆ ಚೆನ್ನಾಗಿ ತೂರಿಕೊಳ್ಳುತ್ತದೆ. ಹಳದಿ ದ್ರಾವಣಕ್ಕೆ ತುದಿಗಳ ಎರಡು ಮೂರು ಪಟ್ಟು ಆಲ್ಫಾ ಸೈಕ್ಲೋಡೆಕ್ಸ್ಟ್ರಿನ್ ಹಾಕಿ ಮತ್ತೆ ಅಳೆಯಿರಿ. ಬಾಲ ಮುಚ್ಚಿಹೋದರೆ ಕ್ಲೌಡ್ ಪಾಯಿಂಟ್ ಮೇಲೆ ಬರಬೇಕು. ಬಾಲ ತೆಗೆದ ಬಿಳಿ ಪಾಲಿಮರ್‌ಗೂ ಅಷ್ಟೇ ಹಾಕಿ. ಅದರಲ್ಲಿ ಹೆಚ್ಚೇನೂ ಆಗಬಾರದು. ಎರಡನ್ನೂ ಜೊತೆಗೆ ತೋರಿಸಿದರೆ ಯಾರೂ ಪ್ರಶ್ನೆ ಮಾಡಲಾರರು. ಇಷ್ಟು ಸುಲಭದ ಪರೀಕ್ಷೆಯನ್ನು ಇಷ್ಟು ಕಡಿಮೆ ಜನ ಮಾಡುತ್ತಾರಲ್ಲ ಅಂತ ನನಗೆ ಬೇಸರ.

ಇನ್ನು ಮೈಸೆಲ್ ಇದೆಯಾ ಇಲ್ಲವಾ ನೋಡಲು ಡಿಎಲ್‌ಎಸ್, ಅಂದರೆ ಚದುರಿದ ಬೆಳಕಿನಿಂದ ಕಣಗಳ ಗಾತ್ರ ಅಳೆಯುವ ಯಂತ್ರ. ದ್ರಾವಣವನ್ನು ತಣ್ಣಗಿರುವಾಗಲೇ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, 20 ಡಿಗ್ರಿಯಲ್ಲಿ ಅಳೆಯಿರಿ. ಒಂಟಿ ಸರಪಳಿಗಳಾದರೆ ಕೆಲವೇ ನ್ಯಾನೋಮೀಟರ್. ಮೈಸೆಲ್ ಆದರೆ ಅದರ ಮೂರು ನಾಲ್ಕು ಪಟ್ಟು. ದೊಡ್ಡ ಕಣಗಳು ಬೆಳಕನ್ನು ವಿಪರೀತ ಜಾಸ್ತಿ ಚದುರಿಸುವುದರಿಂದ, ಒಂದು ಚೂರು ಧೂಳಿದ್ದರೂ ಗ್ರಾಫ್ ಹಾಳು. ಪೈರೀನ್ (ಬೆಳಕು ನುಂಗಿ ಮತ್ತೆ ಬೆಳಕು ಸೂಸುವ ಅಣು) ಇದ್ದರೆ ಅದನ್ನೂ ಬಳಸಬಹುದು. ಅಸಿಟೋನ್‌ನಲ್ಲಿ ಕರಗಿಸಿ ಖಾಲಿ ಸೀಸೆಗೆ ಒಂದು ಹನಿ ಬಿಟ್ಟು ಒಣಗಿಸಿ, ಮೇಲೆ ದ್ರಾವಣ ಹಾಕಿ. 373 ಮತ್ತು 384 ನ್ಯಾನೋಮೀಟರ್‌ನಲ್ಲಿ ಬರುವ ಎರಡು ಗುಡ್ಡಗಳ ಎತ್ತರ ಹೋಲಿಸಿ. ಬರೀ ನೀರಿನಲ್ಲಿ ಮೊದಲನೆಯದು ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ. ಪೈರೀನ್‌ಗೆ ಎಣ್ಣೆಯಂಥ ಮನೆ ಸಿಕ್ಕರೆ ಆ ಅಂತರ ಇಳಿಯುತ್ತದೆ. ಯಾವ ಸಾಂದ್ರತೆಯಿಂದ ಇಳಿಯಲು ಶುರುವಾಗುತ್ತದೋ ಅಲ್ಲಿಂದ ಬಾಲಗಳು ಸಂಸಾರ ಹೂಡಿವೆ ಅಂತ ತಿಳಿಯಿರಿ.

ಇಲ್ಲಿ ಒಂದು ಎಚ್ಚರಿಕೆ. ನೀರಿಗಾಗದ ತುದಿ ಅಂದರೆ ಕ್ಲೌಡ್ ಪಾಯಿಂಟ್ ಇಳಿಯಲೇಬೇಕು ಅಂತ ಕಣ್ಣು ಮುಚ್ಚಿ ಹೇಳಬೇಡಿ. ಚಿಕ್ಕ ತುದಿ ಆದರೆ, ಅಂದರೆ ಮೈಸೆಲ್ ಕಟ್ಟುವಷ್ಟು ಶಕ್ತಿ ಇಲ್ಲದಿದ್ದರೆ, ಅದು ನೀರಿಗೆ ಬಿಚ್ಚಿಕೊಂಡೇ ಇದ್ದು ತಾಪವನ್ನು ಇಳಿಸುತ್ತದೆ. ದೊಡ್ಡ ಬಾಲ ಒಳಗೆ ಪೂರ್ತಿ ಅಡಗಿಕೊಂಡರೆ ನೀರಿಗೆ ಅದು ಕಾಣುವುದೇ ಇಲ್ಲ. ಆಗ ಇಳಿತ ನೀವು ಎಣಿಸಿದ್ದಕ್ಕಿಂತ ಕಡಿಮೆ ಇರಬಹುದು. ಅದಕ್ಕೇ ಡಿಎಲ್‌ಎಸ್ ಮತ್ತು ಕ್ಲೌಡ್ ಪಾಯಿಂಟ್ ಯಾವಾಗಲೂ ಜೋಡಿಯಾಗಿ ಬೇಕು.

ಪೇಂಟ್ ಡಬ್ಬಿಯಲ್ಲೂ ಇದೇ

ಎರಡೂ ತುದಿಗೆ ಬಾಲ ಹಾಕಿದರೆ? ಮನೆಗೆ ಹೊಡೆಯುವ ವಾಟರ್ ಪೇಂಟ್‌ನಲ್ಲಿ ಇದನ್ನೇ ಮಾಡುತ್ತಾರೆ. ನಡುವೆ ಪಾಲಿಈಥಲೀನ್ ಗ್ಲೈಕಾಲ್‌ನ ಉದ್ದ ಸರಪಳಿ, ಎರಡೂ ಕಡೆ ಎಣ್ಣೆಯಂಥ ಬಾಲ. ಹ್ಯೂರ್ ಅಂತ ಕರೆಯುತ್ತಾರೆ. ಬಾಲವಿಲ್ಲದ ಅದೇ ಗ್ಲೈಕಾಲನ್ನು ನೂರಕ್ಕೆ ಎರಡು ಭಾಗ ನೀರಿಗೆ ಹಾಕಿದರೆ ನೀರಿಗಿಂತ ಸ್ವಲ್ಪವೇ ಗಟ್ಟಿ. ಬಾಲ ಇದ್ದರೆ ಗಂಜಿಯ ಹಾಗೆ. ಒಂದು ಬಾಲ ಒಂದು ಮೈಸೆಲ್‌ನಲ್ಲಿ, ಇನ್ನೊಂದು ಬಾಲ ಪಕ್ಕದ ಮೈಸೆಲ್‌ನಲ್ಲಿ, ನಡುವೆ ಸರಪಳಿ ಸೇತುವೆ. ಬ್ರಷ್ ಎಳೆದಾಗ ಬಾಲಗಳು ಕಳಚಿಕೊಂಡು ಪೇಂಟ್ ಹರಿಯುತ್ತದೆ. ಬ್ರಷ್ ನಿಂತ ಕೂಡಲೇ ಮತ್ತೆ ಸಿಕ್ಕಿಕೊಂಡು ಗೋಡೆಯಿಂದ ಇಳಿಯದೆ ನಿಲ್ಲುತ್ತದೆ. ಇಂಥದ್ದನ್ನು ಅಳೆಯುವವರಿಗೆ ಕ್ಲೌಡ್ ಪಾಯಿಂಟ್‌ಗಿಂತ ದ್ರವ ಎಷ್ಟು ಗಟ್ಟಿಯಾಗಿ ಹರಿಯುತ್ತದೆ ಅಂತ ಅಳೆಯುವ ರಿಯೋಮೀಟರ್ ಮುಖ್ಯ. ಅಲ್ಲೂ ಸೈಕ್ಲೋಡೆಕ್ಸ್ಟ್ರಿನ್ ಪರೀಕ್ಷೆ ಚೆನ್ನಾಗಿ ನಡೆಯುತ್ತದೆ: ಹಾಕಿ ಕಲಕಿದರೆ ಗಂಜಿ ನೀರಾಗುತ್ತದೆ. ಪಿನಿಪ್ಯಾಮ್‌ಗೂ ಎರಡು ಕಡೆ 18 ಕಾರ್ಬನ್ ಬಾಲ ಹಾಕಿ, ಸರಪಳಿ ಬಾಗಿ ಎರಡೂ ತುದಿ ಒಂದೇ ಉಂಡೆಗೆ ಸೇರುವ ಹೂವಿನಾಕಾರದ ಮೈಸೆಲ್‌ಗಳನ್ನು ಫ್ರಾಂಸ್ವಾಸ್ ವಿನ್ನಿಕ್ ಅವರ ತಂಡ ವಿವರವಾಗಿ ಅಧ್ಯಯನ ಮಾಡಿದೆ.

ಕೊನೆಗೆ ಇಟ್ಟುಕೊಳ್ಳುವ ಬಗ್ಗೆ. ಹಳದಿ ಪಾಲಿಮರನ್ನು ಪುಡಿಯಾಗಿ, ಕತ್ತಲಲ್ಲಿ, ಫ್ರೀಜರ್‌ನಲ್ಲಿ ಇಡಿ. ನೀರಿನಲ್ಲಿ ಕರಗಿಸಿ ತಿಂಗಳುಗಟ್ಟಲೆ ಇಟ್ಟರೆ ಟ್ರೈಥಯೋಕಾರ್ಬೊನೇಟ್ ನಿಧಾನವಾಗಿ ಒಡೆದು ತುದಿ ಬದಲಾಗುತ್ತಾ ಹೋಗುತ್ತದೆ, ಪಿಎಚ್ ಜಾಸ್ತಿ ಇದ್ದರೆ ಇನ್ನೂ ಬೇಗ. ಸೀಸೆಯ ಲೇಬಲ್ ಮೇಲೆ ಬರೀ ಪಿನಿಪ್ಯಾಮ್ ಅಂತ ಬರೆಯಬೇಡಿ. ನಮ್ಮ ಹುಡುಗಿ ಈಗ ಬರೆಯುವುದು ಹೀಗೆ: "ಪಿನಿಪ್ಯಾಮ್ 50, ತಲೆ ಆಮ್ಲ, ಬಾಲ ಡೋಡೆಸೈಲ್, ಈಥರ್ 3 ಸಲ." ಕೆಳಗೆ ತಾರೀಖು.